ಫರಾಮಿರನ ವಿಚಾರದಲ್ಲಿ ಅಪ್ಪನ ತೀರ್ಪು

20 ಜುಲೈ 2025, ಭಾನುವಾರ
ಡೊಂಬಿವಲಿ

ತುಳುವರ ಆಟಿ ತಿಂಗಳು ಈಗಷ್ಟೇ ಶುರುವಾಗಿದೆ. ಬೆಳಿಗ್ಗೆ ಮಳೆಯಲ್ಲೇ ಮಾರುಕಟ್ಟೆಗೆ ಹೋಗಿ ಕೆಸುವಿನ ಎಲೆ ತಂದೆ. ಇಲ್ಲಿ ಬರೀ ‘ಅಳೂ’ ಎಂದು ಕೇಳಿದರೆ ಪಲ್ಯದ ಎಲೆ ಕೊಡುತ್ತಾರೆ. ‘ವಡೀಚೆ ಅಳೂ’ ಎಂದು ಬಿಡಿಸಿ ಹೇಳಬೇಕು. ಮದುವೆಯಾದ ಹೊಸತರಲ್ಲಿ ಇದು ತಿಳಿಯದೆ ಪತ್ರೊಡೆ ಮಾಡಿ, ಮನೆಮಂದಿಯೆಲ್ಲ ತುರಿಸುವ ಗಂಟಲು ಹಿಡಿದುಕೊಂಡು ಕುಳಿತಿದ್ದೆವು.

ಪತ್ರೊಡೆ ಹಬೆಯಲ್ಲಿ ಬೇಯುತ್ತಿರುವಾಗ ನಿನ್ನೆ ರಾತ್ರಿಯ ಜಗಳ ಮತ್ತೆ ಮೇಲೆದ್ದಿತು. ಮಗಳು ಎಂಟನೆಯ ತರಗತಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳನ್ನು ಒಂಬತ್ತನೆಯ ವಯಸ್ಸಿಗೇ ನೋಡಿದ್ದಳು. ಪುಸ್ತಕ ಓದಿ ಮುಗಿಸಿದ್ದು ಈ ಬೇಸಿಗೆ ರಜೆಯಲ್ಲಿ. ಓದಿದ ಮೇಲೆ ಇನ್ನೊಮ್ಮೆ ನೋಡೋಣವೆಂದು ಇಬ್ಬರೂ ಕುಳಿತೆವು. ಎರಡನೆಯ ಚಿತ್ರದಲ್ಲಿ ಫರಾಮಿರ್ ಎಂಬ ದಳಪತಿ, ಕೇಡಿನ ಉಂಗುರವೊಂದನ್ನು ನಾಶಮಾಡಲು ಹೊರಟ ಫ್ರೋಡೊನನ್ನು ಹಿಡಿದು, ಉಂಗುರದ ಸಮೇತ ತನ್ನ ತಂದೆಗೆ ಒಪ್ಪಿಸಲು ಹೊರಟನಲ್ಲ, ಅಲ್ಲಿ ರಿಮೋಟ್ ಒತ್ತಿ ನಿಲ್ಲಿಸಿಬಿಟ್ಟಳು.

“ಅಮ್ಮಾ, ಇವನು ಹೀಗೆ ಮಾಡುವುದಿಲ್ಲ.”

ಪುಸ್ತಕದಲ್ಲಿ ಹೀಗೆ ಮಾಡಲಿಲ್ಲ ಎನ್ನಲಿಲ್ಲ, ಮಾಡುವುದಿಲ್ಲ ಎಂದಳು. ಪರಿಚಯದವರ ಮೇಲೆ ಯಾರೋ ಕಳ್ಳತನದ ದೂರು ಹೊರಿಸಿದಾಗ ನಾವು ಹೇಳುವ ಮಾತು ಅದು.

ಪುಸ್ತಕ ಬರೆದ ಟೋಲ್ಕೀನರ ಫರಾಮಿರ್, ಆ ಉಂಗುರ ಹೆದ್ದಾರಿಯಲ್ಲಿ ಬಿದ್ದಿದ್ದರೂ ತಾನದನ್ನು ಎತ್ತಿಕೊಳ್ಳುವವನಲ್ಲ ಎನ್ನುವ ಮನುಷ್ಯ. ಅಣ್ಣ ಬೋರೊಮಿರ್ ಅದರ ಆಸೆಗೆ ಬಿದ್ದು ಕೆಟ್ಟ, ತಮ್ಮ ಬೀಳಲಿಲ್ಲ. ಚಿತ್ರ ಮಾಡಿದವರ ವಾದವೂ ನನಗೆ ಗೊತ್ತು. ಎಲ್ಲರನ್ನೂ ಮರುಳು ಮಾಡುವ ಉಂಗುರವನ್ನು ಒಬ್ಬ ಬಂದು ‘ನನಗೆ ಬೇಡ’ ಎಂದುಬಿಟ್ಟರೆ ಅದರ ಮೇಲಿನ ಭಯವೇ ಇಳಿದುಹೋಗುತ್ತದೆ ಎಂಬುದು. ಕೊನೆಗೆ ಅವನು ಫ್ರೋಡೊನನ್ನು ಬಿಟ್ಟು ಕಳುಹಿಸುತ್ತಾನೆ, ನಿಜ. ಆದರೂ ಮನಸ್ಸು ಒಪ್ಪುವುದಿಲ್ಲ. 2002ರ ಚಿತ್ರದ ಮೇಲೆ 2025ರಲ್ಲೂ ಸಿಟ್ಟು ಉಳಿದಿರುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೇನೋ!

ಬಿಟ್ಟುಹೋದದ್ದರ ಬಗ್ಗೆ ನನಗೆ ಅಷ್ಟು ದುಃಖವಿಲ್ಲ. ಟಾಮ್ ಬಾಂಬಡಿಲ್ ಇಲ್ಲ ಎಂದು ಗೋಳಾಡುವ ಗೆಳತಿಯೊಬ್ಬಳಿದ್ದಾಳೆ. ಕಥೆಯ ನಡುವೆ ಹಾಡಿಕೊಂಡು ಬಂದು ಹಾಡಿಕೊಂಡೇ ಹೋಗುವ ಆ ಮುದುಕನನ್ನು ಮೂರು ಗಂಟೆಯ ಚಿತ್ರದಲ್ಲಿ ಎಲ್ಲಿ ಕೂರಿಸುವುದು? ಬಿಡುವುದು ಕಲಿಯದಿದ್ದರೆ ‘ಹಾಬಿಟ್’ನ ಗತಿಯಾಗುತ್ತದೆ. 1937ರ ಒಂದು ಪುಟ್ಟ ಮಕ್ಕಳ ಪುಸ್ತಕವನ್ನು 2012ರಿಂದ 2014ರ ತನಕ ವರ್ಷಕ್ಕೊಂದರಂತೆ ಮೂರು ಚಿತ್ರ ಮಾಡಿದರು. ಅಷ್ಟು ನೀರು ಹಿಡಿಯುವುದು ನೀರುದೋಸೆಯ ಹಿಟ್ಟು ಮಾತ್ರ.

ನನ್ನ ನಷ್ಟ ಬೇರೆಯದು. ಆ ದಪ್ಪ ಪುಸ್ತಕವನ್ನು 1999ರಲ್ಲಿ ಹುತಾತ್ಮ ಚೌಕದ ಫುಟ್‌ಪಾತಿನಲ್ಲಿ ಕೊಂಡಿದ್ದೆ, ಹೊರರಟ್ಟು ಹರಿದಿತ್ತು. ಓದಿದ್ದೆಲ್ಲ ಲೋಕಲ್‌ನಲ್ಲಿ, ಕಾಲೇಜಿಗೆ ಹೋಗುತ್ತ ಬರುತ್ತ. ಠಾಣೆಯಲ್ಲಿ ಜನ ನುಗ್ಗಿದರೆ ಪುಟ ತಿರುಗಿಸಲು ಕೈ ಬಿಡುವಾಗುತ್ತಿರಲಿಲ್ಲ, ಅದೇ ಎರಡು ಪುಟವನ್ನು ಮುಲುಂಡ್ ದಾಟುವವರೆಗೆ ಮತ್ತೆ ಮತ್ತೆ ಓದುವುದು. ಆಗ ನಮ್ಮ ಫಾಸ್ಟ್ ಲೋಕಲ್ ಪಾರ್ಸಿಕ್ ಸುರಂಗದೊಳಗಿಂದ ಹೋಗುತ್ತಿತ್ತು. ಮೋರಿಯಾದ ಗಣಿಯ ಕತ್ತಲು ಎಂದರೆ ನನಗೆ ಆ ಸುರಂಗದ ಕತ್ತಲು: ಒದ್ದೆ ಕಲ್ಲಿನ ವಾಸನೆ, ಒಮ್ಮೆಗೇ ಏರುವ ಗಾಲಿಯ ಸದ್ದು, ಮಾತು ನಿಲ್ಲಿಸಿದ ಹೆಂಗಸರು. ಹಾಬಿಟ್‌ಗಳೆಂಬ ಗಿಡ್ಡ ಜನರ ಊರು ಕಾರ್ಕಳದ ಬಳಿಯ ನಮ್ಮ ಅಜ್ಜಿಮನೆ. ಬೈಲು ಗದ್ದೆ, ಅಡಿಕೆ ತೋಟ, ಅಂಗಳದ ತುದಿಯಲ್ಲಿ ಹಲಸಿನ ಮರ. ಮೋರಿಯಾದ ಬೆಂಕಿಯ ದೈತ್ಯ ಬಲ್ರಾಗ್ ಬಂದದ್ದು ಬಯಲಾಟದ ಬಣ್ಣದ ವೇಷವಾಗಿ. ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ, ತಲೆಯ ಮೇಲೆ ಕೇಸರಿತಟ್ಟಿಯ ಕಿರೀಟ, ತೆರೆಯ ಹಿಂದಿನಿಂದ ಆರ್ಭಟ, ರಾಳದ ಪುಡಿ ಎರಚಿದ ದೀವಟಿಗೆ ಭಗ್ಗೆಂದು ಉರಿದಂತೆ. ಬಲ್ರಾಗ್‌ಗೆ ರೆಕ್ಕೆ ಇದೆಯೋ, ಅದು ಬರಿಯ ನೆರಳಿನ ಹೋಲಿಕೆಯೋ ಎಂದು ಓದುಗರು ಇವತ್ತಿಗೂ ಹೊಡೆದಾಡುತ್ತಾರೆ. ನನ್ನದಕ್ಕೆ ರೆಕ್ಕೆ ಇರಲಿಲ್ಲ, ಗೆಜ್ಜೆ ಇತ್ತು.

ಚರ್ಚ್‌ಗೇಟಿನ ಬಳಿ ಮೊದಲ ಚಿತ್ರ ನೋಡಿ ಹೊರಬಂದಾಗ ಹಿಗ್ಗಿನಿಂದ ಹಾರುತ್ತಿದ್ದೆ. ಏನು ಕಳೆಯಿತೆಂದು ತಿಳಿದದ್ದು ವಾರ ಕಳೆದು ಪುಸ್ತಕ ತೆರೆದಾಗ. ಪುಟದಲ್ಲಿ ನ್ಯೂಜಿಲೆಂಡಿನ ಹಸಿರು ಗುಡ್ಡಗಳು ಬಂದು ಕುಳಿತಿದ್ದವು. ಅಜ್ಜಿಮನೆಯ ಅಂಗಳ ಎಷ್ಟು ಕರೆದರೂ ಬರಲಿಲ್ಲ. ಮನಸ್ಸಿನ ಬಣ್ಣದ ವೇಷವನ್ನು ಕಂಪ್ಯೂಟರಿನ ಬೆಂಕಿ ತೊಳೆದುಹಾಕಿತ್ತು. ಉಂಗುರದ ಮೋಹಕ್ಕೆ ಬಿದ್ದು ಕೆಟ್ಟ ಗೊಲ್ಲಮ್ ಒಬ್ಬನ ವಿಷಯದಲ್ಲಿ ಮಾತ್ರ ಸಿನಿಮಾಕ್ಕೆ ಕೈಮುಗಿಯುತ್ತೇನೆ. ಓದುವಾಗ ನನಗೆ ಅವನು ಸರಿಯಾಗಿ ಕಂಡೇ ಇರಲಿಲ್ಲ. ಆಂಡಿ ಸರ್ಕಿಸ್ ನಾಲ್ಕು ಕಾಲಿನಲ್ಲಿ ತೆವಳಿ ಬಂದು ಕಾಣಿಸಿದ.

ಮಗಳಿಗೆ ಈ ಅಳಲು ಅರ್ಥವಾಗುವುದಿಲ್ಲ. ಅವಳ ಫ್ರೋಡೊಗೆ ಮೊದಲಿನಿಂದಲೂ ಆ ನಟನದೇ ಕಣ್ಣು. ಅವಳ ನಿಜವಾದ ದ್ವೇಷ ಹ್ಯಾರಿ ಪಾಟರ್ ಚಿತ್ರಗಳ ಮೇಲೆ. ಎಂಟು ಚಿತ್ರಗಳಲ್ಲಿ ಒಂದರಲ್ಲೂ ಪೀವ್ಸ್ ಎಂಬ ತುಂಟ ಭೂತ ಇಲ್ಲ, ಅದು ಒಂದು. ಇನ್ನೊಂದು ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್. ನಾಲ್ಕನೆಯ ಪುಸ್ತಕದಲ್ಲಿ ಅವರು ಹ್ಯಾರಿಯನ್ನು ‘ಶಾಂತವಾಗಿ’ ಕೇಳುತ್ತಾರೆ, ಸ್ಪರ್ಧಿಗಳನ್ನು ಆರಿಸುವ ಬಟ್ಟಲಿಗೆ ನಿನ್ನ ಹೆಸರು ಹಾಕಿದೆಯಾ ಎಂದು. 2005ರ ಚಿತ್ರದಲ್ಲಿ ಅವರು ಓಡಿ ಬಂದು ಹುಡುಗನನ್ನು ಹಿಡಿದು ಅಲುಗಿಸುತ್ತಾರೆ. ಇವತ್ತು ಅಡುಗೆಮನೆಯಲ್ಲಿ ಉಳಿದ ಕೆಸುವಿನ ಎಲೆಯೊಂದನ್ನು ಗಡ್ಡಕ್ಕೆ ಹಿಡಿದು, ತನ್ನ ಅಜ್ಜನ ಭುಜ ಹಿಡಿದು ಅಲುಗಿಸಿ ತೋರಿಸಿದಳು. ಅಜ್ಜ ಶಾಂತವಾಗಿ, “ನಾನು ಯಾವ ಬಟ್ಟಲಿಗೂ ಏನೂ ಹಾಕಿಲ್ಲ ಮಗಳೇ, ಚಹಾಕ್ಕೆ ಸಕ್ಕರೆಯನ್ನೂ ಹಾಕಿಲ್ಲ” ಎಂದರು.

ಮಧ್ಯಾಹ್ನ ಅಪ್ಪನನ್ನು ಮಾಟುಂಗಕ್ಕೆ ತಾಳಮದ್ದಳೆಗೆ ಕರೆದುಕೊಂಡು ಹೋದೆ. ವೇಷವಿಲ್ಲದ ಯಕ್ಷಗಾನ ಅದು, ಭಾಗವತರು ಹಾಡುವ ಪದ್ಯಕ್ಕೆ ಕಲಾವಿದರು ಕುಳಿತಲ್ಲೇ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಊರಿನಲ್ಲಿ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಮುಂಬಯಿಗೆ ಬರುತ್ತಾರೆ. ಅಪ್ಪನಿಗೆ ಮಳೆಗಾಲವೆಂದರೆ ಅದು. 1968ರಲ್ಲಿ ಹದಿನಾಲ್ಕರ ಹುಡುಗನಾಗಿ ಕೋಟೆ ಭಾಗದ ಹೋಟೆಲಿಗೆ ಲೋಟ ತೊಳೆಯಲು ಬಂದವರು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಇಂಗ್ಲಿಷ್ ಕಾದಂಬರಿ ಮುಟ್ಟಿದವರಲ್ಲ. ಇವತ್ತಿನದು ‘ವಾಲಿ ಮೋಕ್ಷ’. ಬಿಳಿ ಪಂಚೆ, ಶಾಲು ಹೊದ್ದ ವಾಲಿಯ ಅರ್ಥಧಾರಿ ಕುಳಿತಲ್ಲಿಂದಲೇ ರಾಮನನ್ನು ಮುಕ್ಕಾಲು ಗಂಟೆ ಪ್ರಶ್ನಿಸಿದರು. ಮರೆಯಲ್ಲಿ ನಿಂತು ಬಾಣ ಬಿಡುವುದು ಯಾವ ಕ್ಷತ್ರಿಯ ಧರ್ಮ? ನನ್ನ ಬಳಿ ಬಂದಿದ್ದರೆ ಸೀತೆಯನ್ನು ತರಿಸಿಕೊಡುತ್ತಿರಲಿಲ್ಲವೇ? ರಾಮನ ಅರ್ಥ ಹೇಳಿದವರು ಎರಡು ಸಲ ನೀರು ಕುಡಿದರು.

ಹಿಂತಿರುಗುವಾಗ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಪ್ಪ ತೃಪ್ತಿಯಿಂದ, “ವಾದದಲ್ಲಿ ವಾಲಿ ಗೆದ್ದ. ಆದರೂ ಸತ್ತ” ಎಂದರು.

ನಾನು ಫರಾಮಿರನ ಮೊಕದ್ದಮೆ ಮಂಡಿಸಿದೆ. ಅಪ್ಪ ಕುರ್ಲಾದಿಂದ ಘಾಟ್‌ಕೋಪರ್ ತನಕ ಯೋಚಿಸಿದರು. “ಪದ್ಯದಲ್ಲಿ ಇಲ್ಲದ್ದನ್ನು ಅರ್ಥದಲ್ಲಿ ಹೇಳಬಹುದು. ಪದ್ಯ ಹೇಳಿದ್ದನ್ನು ಇಲ್ಲ ಎನ್ನಬಾರದು. ಅವನಿಗೆ ಒಳಗೊಳಗೆ ಆಸೆ ಇತ್ತು ಎಂದು ತೋರಿಸಿ ಬೇಕಾದರೆ, ಕೈಯಲ್ಲಿ ಹಿಡಿದುಕೊಂಡು ಹೊರಟ ಎಂದು ಮಾತ್ರ ತೋರಿಸಬೇಡಿ.”

ಉರ್ಸುಲಾ ಲೆ ಗ್ವಿನ್ ಅವರ ‘ಅರ್ಥ್‌ಸೀ’ ನೆನಪಾಯಿತು. 1968ರಲ್ಲಿ ಬಂದ ಆ ಕಾದಂಬರಿಯ ಮಾಂತ್ರಿಕ ಗೆಡ್ ಕೆಂಗಂದು ಮೈಬಣ್ಣದವನು. ಮಾಂತ್ರಿಕರೆಂದರೆ ಬಿಳಿಯರೇ ಎಂದುಕೊಂಡಿದ್ದ ನಾನು, ಆ ಸಾಲು ಕಂಡ ದಿನ ಖುಷಿಯಿಂದ ಇಳಿಯಬೇಕಾದ ನಿಲ್ದಾಣ ಮರೆತಿದ್ದೆ. 2004ರ ಟೀವಿ ರೂಪದಲ್ಲಿ ಅವನನ್ನು ಬಿಳಿಯ ಹುಡುಗನನ್ನಾಗಿ ಮಾಡಿದರು, ಲೇಖಕಿ ಬಹಿರಂಗವಾಗಿ ಪ್ರತಿಭಟಿಸಿ ಬರೆದರು. ಅದೂ ಪದ್ಯ ತಿದ್ದಿದ್ದೇ.

ಆದರೆ ಅಪ್ಪನ ಕಾನೂನು ಅಪ್ಪನಿಗೇ ತಗಲುತ್ತದೆ. 1972ರ ‘ನಾಗರಹಾವು’ ಅವರ ಪಾಲಿಗೆ ದೇವರಂಥ ಚಿತ್ರ. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ್ದು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತರಾಸು ಅವರೇ ಬೇಸರಪಟ್ಟರಂತೆ. ಕಾದಂಬರಿ ಓದಿದ್ದ ಅಮ್ಮ ಬದುಕಿರುವ ತನಕ ಇದನ್ನೆತ್ತಿ ಅಪ್ಪನನ್ನು ಕಾಡುತ್ತಿದ್ದಳು. ಈಗ ನಾನು ಎತ್ತಿದೆ.

“ನಾನು ಓದಿರಲಿಲ್ಲವಲ್ಲ” ಎಂದರು ಅಪ್ಪ. “ನನಗೆ ವಿಷ್ಣುವರ್ಧನನೇ ರಾಮಾಚಾರಿ.”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡಿದ ಮೇಲೆಯೇ ಅರ್ಥ. ಎಷ್ಟು ಬೆಳೆಸಿದರೂ ಎಷ್ಟು ತಿರುಚಿದರೂ ಮೂಲ ಕೇಳುವವರ ಕಿವಿಯಲ್ಲಿ ಇರುತ್ತದೆ. ಸಿನಿಮಾದಲ್ಲಿ ಭಾಗವತರಿಲ್ಲ. ಓದದವನಿಗೆ ಅರ್ಥವೇ ಪದ್ಯ.

ರಾತ್ರಿ ಊಟಕ್ಕೂ ಪತ್ರೊಡೆ. ಕೈ ತೊಳೆದು ಬಂದ ಅಪ್ಪ, “ಆ ಹುಡುಗನ ಕಥೆ ಹೇಳು, ಪುಸ್ತಕದಲ್ಲಿ ಇರುವ ಹಾಗೆ” ಎಂದರು. ತುಳುವಿನಲ್ಲಿ ಶುರುಮಾಡಿದೆ. ನೋಡಲು ಹೇಗಿದ್ದ ಎಂದು ಕೇಳಿದಾಗ ನಾಲಿಗೆಯ ತುದಿಗೆ ಬಂದದ್ದು ಸಿನಿಮಾದ ನಟನ ಕೂದಲು. ಬಾಯಿ ಮುಚ್ಚಿಕೊಂಡೆ. ಅವನ ತಂದೆಯಿಂದ ಹೇಳುತ್ತೇನೆ ಎಂದೆ: ಊರು ಆಳುವ ಮುದುಕ, ಹಿರಿಯ ಮಗನೆಂದರೆ ಪ್ರಾಣ, ಕಿರಿಯವನು ಏನು ಮಾಡಿದರೂ ತಾತ್ಸಾರ, ದೂರದ್ದನ್ನು ತೋರಿಸುವ ಕಲ್ಲೊಂದನ್ನು ನೋಡಿ ನೋಡಿ ಬುದ್ಧಿ ಕಲಕಿದವನು.

“ಕಣ್ಣಿದ್ದೂ ಧೃತರಾಷ್ಟ್ರ” ಎಂದರು ಅಪ್ಪ, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು. “ವೇಷ ಕಂಡಿತು. ಮುಂದೆ ಹೇಳು.”

ಮಗಳು ಮೊಬೈಲ್ ಕೆಳಗಿಟ್ಟು ಹತ್ತಿರ ಬಂದು ಕುಳಿತಳು. ಹತ್ತೂವರೆಗೆ ಫರಾಮಿರ್ ಇನ್ನೂ ಕಾಡಿನಲ್ಲೇ ಇದ್ದ. ನಾಳೆ ಬೆಳಿಗ್ಗೆ 6.10ರ ಲೋಕಲ್ ಹಿಡಿಯಬೇಕು.