ಪುಟ್ಟಿಯ ಲಾಗ್: 8 ಕಿಲೋದಿಂದ 38 ಕಿಲೋವರೆಗೆ

9ನೇ ವಾರ, 8.5 ಕಿಲೋ

ಗ್ರೇಟ್ ಡೇನ್ ಅನ್ನುವ ದೈತ್ಯ ತಳಿಯ ನಾಯಿಮರಿಗೆ ಪುಟ್ಟಿ ಅಂತ ಹೆಸರಿಟ್ಟಿದ್ದೇವೆ. ನಗುವವರು ನಗಲಿ. ಮನೆಗೆ ಬಂದು ಒಂದು ವಾರವಾಯಿತು. ಸದ್ಯಕ್ಕೆ ತೊಡೆ ಮೇಲೆ ಹಿಡಿಸುತ್ತಾಳೆ. ಪಾದಗಳು ಮಾತ್ರ ಬೇರೆ ಯಾವುದೋ ದೊಡ್ಡ ನಾಯಿಯಿಂದ ಸಾಲ ತಂದ ಹಾಗಿವೆ.

ಮೊದಲ ದಿನವೇ ಮನೆಯವರೆಲ್ಲ ಕೂತು ಒಂದು ನಿಯಮ ಮಾಡಿಕೊಂಡೆವು. ಇವಳು ಏನೇ ಮಾಡಲಿ, ‘50 ಕಿಲೋ ಆದಮೇಲೂ ಇದನ್ನೇ ಮಾಡಿದರೆ ನಡೆಯುತ್ತಾ?’ ಅಂತ ಕೇಳಿಕೊಳ್ಳಬೇಕು. ಮೈಮೇಲೆ ಹಾರುವುದು, ಬಟ್ಟೆ ಕಚ್ಚಿ ಎಳೆಯುವುದು, ಊಟದ ಮೇಜಿಗೆ ಮೂತಿ ಇಡುವುದು, ಎಲ್ಲ ಅಲ್ಲೇ ಫೇಲ್. ಸೋಫಾ ಮಾತ್ರ ಮಗಳ ವಕಾಲತ್ತಿನಿಂದ ಪಾಸಾಯಿತು.

11ನೇ ವಾರ, 12 ಕಿಲೋ

ಮರಿಗಳು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಸುಮಾರು 3ನೇ ವಾರದಿಂದ 14ನೇ ವಾರದವರೆಗೆ. ಅದರಲ್ಲಿ ಅರ್ಧದಷ್ಟು ತಾಯಿ ಹತ್ತಿರವೇ ಕಳೆದಿರುತ್ತದೆ. ಲಸಿಕೆ ಇನ್ನೂ ಮುಗಿದಿಲ್ಲ, ಅದಕ್ಕೆ ಹೊರಗೆ ಎತ್ತಿಕೊಂಡೇ ಓಡಾಡುತ್ತಿದ್ದೇನೆ. ಬಸ್ಸಿನ ಹಾರ್ನ್, ಹೆಲ್ಮೆಟ್ ಹಾಕಿದವರು, ಸೈಕಲ್, ಅಳುವ ಮಗು ಎಲ್ಲ ತೋರಿಸಿದ್ದಾಯಿತು. ನನ್ನ ಬೆನ್ನಿಗೆ ಇದು ಹೆಚ್ಚು ದಿನ ನಡೆಯುವ ಆಟವಲ್ಲ.

ಕೊಡೆಯದೇ ಗಲಾಟೆ. ‘ಡೇನ್’ ಅನ್ನುವ ಹೆಸರು ಕೇಳಿದರೆ ಡೆನ್ಮಾರ್ಕ್ ನೆನಪಾದರೂ ಈ ತಳಿ ಜರ್ಮನಿಯದು, ಕಾಡುಹಂದಿ ಬೇಟೆಗೆ ಬೆಳೆಸಿದ್ದು. ಆ ವಂಶದ ಕುಡಿ ನಾನು ಫಟ್ ಅಂತ ಕೊಡೆ ಬಿಚ್ಚಿದ್ದೇ ತಡ, ಹಿಂದೆ ಹಿಂದೆ ಸರಿದು ಕುರ್ಚಿಗೆ ಡಿಕ್ಕಿ ಹೊಡೆದಳು. ಮಾರನೇ ದಿನ ಮುಚ್ಚಿದ ಕೊಡೆಯನ್ನು ನೆಲದ ಮೇಲೆ ಮಲಗಿಸಿ, ಸುತ್ತ ತಿಂಡಿ ಚೂರು ಚೆಲ್ಲಿ ದೂರ ಕೂತೆ. ಕರೆಯಲಿಲ್ಲ, ಪುಸಲಾಯಿಸಲಿಲ್ಲ. ಕತ್ತು ಉದ್ದ ಮಾಡಿ, ಹಿಂಗಾಲನ್ನು ಓಡೋಕೆ ರೆಡಿ ಇಟ್ಟುಕೊಂಡು ಒಂದೊಂದೇ ಚೂರು ಎತ್ತಿದಳು. ದಿನಾ ಸ್ವಲ್ಪ ಸ್ವಲ್ಪ ಬಿಚ್ಚುತ್ತಾ ಹೋದೆ. ಆರನೇ ದಿನ ಪೂರ್ತಿ ಬಿಚ್ಚಿದ ಕೊಡೆಯ ಬಟ್ಟೆಯನ್ನೇ ಅಗಿದಳು. ಹೆದರಿಕೆ ಹೋಯಿತು, ಕೊಡೆಯೂ ಹೋಯಿತು.

14ನೇ ವಾರ, 20 ಕಿಲೋ

ನನ್ನದೇ ತಪ್ಪು, ಬರೆದಿಡಬೇಕು. ಚಪ್ಪಲಿ ಕಚ್ಚಿಕೊಂಡು ಓಡಿದ್ದಕ್ಕೆ ಜೋರಾಗಿ ಕಿರುಚಿದೆ. ಚಪ್ಪಲಿ ಬಿಟ್ಟಳು, ಜೊತೆಗೆ ನನ್ನನ್ನೂ ಬಿಟ್ಟಳು. ಎರಡು ದಿನ ಕರೆದರೆ ಬಾಲ ಒಳಗೆ ಸೇರಿಸಿಕೊಂಡು ಮೇಜಿನ ಕೆಳಗೆ. ಡೇನ್‌ಗಳ ಗಾತ್ರ ನೋಡಿ ಜನ ‘ಕಂಟ್ರೋಲಲ್ಲಿ ಇಡಬೇಕು’ ಅನ್ನುತ್ತಾರೆ, ಆದರೆ ಇವು ಬೈದರೆ ಮುದುಡುವ ಜಾತಿ. ಹೆದರಿದ ದೊಡ್ಡ ನಾಯಿ ಯಾರಿಗೂ ಬೇಡ, ಅಲ್ವಾ? ಈಗ ‘ಬಿಡು’ ಅನ್ನುವುದು ವ್ಯಾಪಾರ: ಅವಳು ಚಪ್ಪಲಿ ಕೊಟ್ಟರೆ ನಾನು ಅದಕ್ಕಿಂತ ರುಚಿಯಾದದ್ದು ಕೊಡುತ್ತೇನೆ.

18ನೇ ವಾರ, 28 ಕಿಲೋ

ಹಾಲುಹಲ್ಲು ಬೀಳುತ್ತಿವೆ. ಒಂದು ನನ್ನ ಹಾಸಿಗೆಯಲ್ಲಿ ಸಿಕ್ಕಿತು. (ಹಾಸಿಗೆಯಲ್ಲಿ ಯಾಕೆ ಅಂತ ಕೇಳಬೇಡಿ.)

ಕುಣಿತ ಜಾಸ್ತಿಯಾಗಿದೆ, ನಾವು ತಡೆಯುತ್ತಿದ್ದೇವೆ. ಮೆಟ್ಟಿಲು ಓಡುವಂತಿಲ್ಲ, ಎತ್ತರದಿಂದ ಹಾರುವಂತಿಲ್ಲ. ಮೂಳೆಯ ತುದಿಯಲ್ಲಿ ಬೆಳೆಯುವ ಮೆತ್ತನೆ ಭಾಗ ಇಂಥ ತಳಿಗಳಲ್ಲಿ ಗಟ್ಟಿಯಾಗಲು ಒಂದೂವರೆ ವರ್ಷವೂ ಹಿಡಿಯಬಹುದು. ನುಣುಪು ನೆಲದ ಮೇಲೆ ಎರಡು ಸಲ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರಿದವು, ಅವತ್ತೇ ಚಾಪೆ ಹಾಸಿದೆವು. ಗುರುತಿನವರು ಒಬ್ಬರು ಕ್ಯಾಲ್ಸಿಯಂ ಪುಡಿ ಹಾಕಿ ಅಂದರು. ಹಾಕಲಿಲ್ಲ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರದಲ್ಲಿ ಬೇಕಾದಷ್ಟಿದೆ, ಜಾಸ್ತಿಯಾದರೆ ಮೂಳೆ ಸರಿಯಾಗಿ ಬೆಳೆಯುವುದಿಲ್ಲ.

21ನೇ ವಾರ, 33 ಕಿಲೋ

ಮೇಜು ಅಳೆದೆ, 75 ಸೆಂ.ಮೀ. ನಾಯಿ ತಳಿಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐಯ ಮಾನದಂಡದಲ್ಲಿ ಹೆಣ್ಣು ಡೇನ್ ಭುಜದ ಹತ್ತಿರವೇ 72ರಿಂದ 84 ಸೆಂ.ಮೀ. ಇರಬೇಕು. ಅಂದರೆ ಇವಳು ಕಳ್ಳತನಕ್ಕೆ ಹಾರಬೇಕಾಗಿಯೇ ಇಲ್ಲ, ಸುಮ್ನೆ ನಿಂತರೆ ಸಾಕು. ಹಾಗಾಗಿ ನಾವು ಊಟಕ್ಕೆ ಕೂತಾಗ ಅವಳು ತನ್ನ ಚಾಪೆ ಮೇಲೆ. ‘ಜಾಗಕ್ಕೆ’ ಅಂದರೆ ಹೋಗುತ್ತಾಳೆ. ಮೊದಲು ಐದು ಸೆಕೆಂಡ್, ಈಗ ಎಂಟು ನಿಮಿಷ.

ಬೆಲ್ಟಿನ ನಡಿಗೆ ಇನ್ನೂ ಹದಕ್ಕೆ ಬಂದಿಲ್ಲ. ಎಳೆದರೆ ನಾನು ಕಂಬದ ಹಾಗೆ ನಿಲ್ಲುತ್ತೇನೆ, ಹಗ್ಗ ಸಡಿಲವಾದರೆ ಮುಂದೆ. ನಿನ್ನೆ ಗೇಟಿನಿಂದ ರಸ್ತೆ ತಿರುವಿಗೆ ಹೋಗಲು 20 ನಿಮಿಷ ಹಿಡಿಯಿತು. 33 ಕಿಲೋ ಇರುವಾಗಲೇ ಕಂಬವಾಗಬೇಕು, ಆಮೇಲೆ ಆಗೋಕಾಗಲ್ಲ.

24ನೇ ವಾರ, 38 ಕಿಲೋ

ಅತ್ತೆ ಬಂದಿದ್ದರು. ಎರಡು ತಿಂಗಳಿಂದ ಅಭ್ಯಾಸ ಮಾಡಿಸಿದ್ದು ಇದಕ್ಕೇ: ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮುದ್ದು, ಮುಂಗಾಲು ಎತ್ತಿದರೆ ಎಲ್ಲರೂ ಬೆನ್ನು ತಿರುಗಿಸುವುದು. ಬಾಗಿಲು ತೆಗೆದೆ. ಪುಟ್ಟಿಯ ಮೈಯೆಲ್ಲ ಅಲ್ಲಾಡಿತು, ಬಾಲ ಗೋಡೆಗೆ ಪಟಪಟ ಬಡಿಯಿತು, ಕಾಲು ಮಾತ್ರ ನೆಲ ಬಿಡಲಿಲ್ಲ. ‘ಪರವಾಗಿಲ್ವೇ, ಜಾಣೆ!’ ಅಂದರು ಅತ್ತೆ.

ಆಗ ಅವಳು ಮೆಲ್ಲಗೆ ಹತ್ತಿರ ಹೋಗಿ, ಡೇನ್‌ಗಳು ಪ್ರೀತಿ ಬಂದಾಗ ಮಾಡುವ ಹಾಗೆ, 38 ಕಿಲೋ ಭಾರವನ್ನೂ ಅತ್ತೆಯ ಮೊಣಕಾಲಿಗೆ ಒರಗಿಸಿದಳು. ಅತ್ತೆ ಗೋಡೆ ಹಿಡಿದುಕೊಂಡರು.

ಮುಂದಿನ ವಾರದ ಪಾಠ: ಒರಗುವುದು, ನಾವು ಕೂತಿದ್ದಾಗ ಮಾತ್ರ.