ಬೆನ್ನುಮೂಳೆ ಮುರಿದು ಆಪರೇಷನ್ ಆದಮೇಲೆ ಎಷ್ಟು ದಿನ ಮಲಗಿರಬೇಕು?

ಅಡಿಕೆ ಮರದಿಂದ ಬಿದ್ದವರಿರಲಿ, ಕಟ್ಟಡದ ಸಾರ್ವೆಯಿಂದ ಜಾರಿದವರಿರಲಿ, ಡಿಸ್ಚಾರ್ಜ್ ದಿನ ಮನೆಯವರು ಕೇಳುವುದು ಒಂದೇ: "ಇನ್ನು 3 ತಿಂಗಳು ಹಾಸಿಗೇಲೇ ಇರಬೇಕಲ್ವಾ?"

ಬೇಡ. ಕಾಲಿನ ಶಕ್ತಿ ಸರಿಯಿದ್ದರೆ ಆಪರೇಷನ್ನಿನ ಮಾರನೇ ದಿನವೋ 3ನೇ ದಿನವೋ ಎಬ್ಬಿಸಿ ನಿಲ್ಲಿಸುತ್ತಾರೆ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬೆನ್ನಡಿ ಹುಣ್ಣಾಗಬಹುದು. ತೊಡೆಯಂತೂ ಕೆಲವೇ ದಿನಗಳಲ್ಲಿ ಸೊರಗುತ್ತದೆ.

ಕಾಲೂರಿಯೋ ಕುಂಡಿಯೂರಿಯೋ ಬಿದ್ದಾಗ ಹೆಚ್ಚಾಗಿ ಪುಡಿಯಾಗುವುದು ಸೊಂಟದ ಮೊದಲ ಮೂಳೆ, ಎಲ್1. ಅದರ ಮೇಲಿನ, ಕೆಳಗಿನ ಮೂಳೆಗಳಿಗೆ ಸ್ಕ್ರೂ ಹಾಕಿ ಎರಡು ರಾಡಿನಿಂದ ಬಿಗಿಯುತ್ತಾರೆ. ಕಾಂಕ್ರೀಟು ಗಟ್ಟಿಯಾಗುವವರೆಗೆ ಸೆಂಟ್ರಿಂಗ್ ನಿಲ್ಲಿಸಿದ ಹಾಗೆ, ಅಷ್ಟೇ. ಮೂಳೆ ಕೂಡಲು 3ರಿಂದ 6 ತಿಂಗಳು ಬೇಕು. ಆದರೆ ನೋವು ಸುಮಾರು 6 ವಾರಕ್ಕೇ ಇಳಿದಿರುತ್ತದೆ. ಎಡವಟ್ಟಾಗುವುದೇ ಆಗ. "ಗುಣ ಆಯ್ತು" ಅಂತ ಬಿಂದಿಗೆ ಎತ್ತುತ್ತಾರೆ, ಗೊಬ್ಬರದ ಚೀಲ ಎಳೆಯುತ್ತಾರೆ. ಸ್ಕ್ರೂ ಸಡಿಲವಾಗುತ್ತದೆ, ಕೆಲವೊಮ್ಮೆ ಮುರಿದೇ ಹೋಗುತ್ತದೆ. ಎಕ್ಸ್‌ರೇ ನೋಡಿ ಡಾಕ್ಟರು ಹೇಳುವವರೆಗೆ 2–3 ಕಿಲೋಗಿಂತ ಹೆಚ್ಚು ಎತ್ತಬೇಡಿ. ಬಗ್ಗುವುದೂ ಸೊಂಟ ತಿರುಚುವುದೂ ಬೇಡ.

ಏಳುವ ಕ್ರಮ ಮನೆಯವರೂ ಕಲಿಯಬೇಕು. ಮೊದಲು ಮಂಡಿ ಮಡಚಿ. ಭುಜ, ಸೊಂಟ ಎರಡನ್ನೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದಂತೆ, ಮಗ್ಗುಲಿಗೆ ತಿರುಗಿಸಿ. ಕಾಲು ಮಂಚದಿಂದ ಕೆಳಗಿಳಿಸುತ್ತಲೇ ಮೊಣಕೈ, ಅಂಗೈ ಒತ್ತಿ ಏಳಿ. ಒಂದು ನಿಮಿಷ ಕೂತೇ ಇರಿ, ತಲೆ ಸುತ್ತಬಹುದು. ಕೈ ಹಿಡಿದು ಜಗ್ಗಿ ಎಬ್ಬಿಸುವುದು ಪ್ರೀತಿಯೇ ಇರಬಹುದು, ಬೆನ್ನಿಗೆ ಮಾತ್ರ ಒಳ್ಳೆಯದಲ್ಲ. ಮಂಚ ಮಂಡಿಯೆತ್ತರ ಇರಲಿ, ಚಾಪೆ ಬೇಡ.

ಕುಕ್ಕರುಗಾಲಿನಲ್ಲಿ ಕೂತರೆ ಸೊಂಟ ಪೂರ್ತಿ ಬಾಗುತ್ತದೆ, ಹಾಗಾಗಿ ಕಮೋಡ್ ಕುರ್ಚಿ ತರಿಸಿ. ಮಲ ಬಾರದೆ ತಿಣುಕುವುದೂ ಬೆನ್ನಿಗೆ ನೋವೇ. ನೋವಿನ ಮಾತ್ರೆಯಲ್ಲಿ ಟ್ರಮಡಾಲ್ ಇದ್ದರೆ ಮಲ ಕಟ್ಟುತ್ತದೆ. ಆಗ ಇಸಬ್‌ಗೋಲ್ ಒಂದನ್ನೇ ನಂಬಿದರೆ ಕೆಲವರಿಗೆ ಇನ್ನಷ್ಟು ಬಿಗಿಯುತ್ತದೆ. ಲ್ಯಾಕ್ಟುಲೋಸ್‌ನಂಥ ಸಿರಪ್ ಬಗ್ಗೆ ಡಾಕ್ಟರನ್ನು ಕೇಳಿ.

ನಡಿಗೆ 5 ನಿಮಿಷ, ದಿನಕ್ಕೆ ನಾಲ್ಕೈದು ಸಲ, ವಾರವಾರ ಹೆಚ್ಚಿಸಿ. ಒಂದೇ ಭಂಗಿಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಬೆನ್ನಿಗೆ ಕಟ್ಟುವ ಬೆಲ್ಟು, ಸರ್ಜನ್ ಹೇಳಿದಷ್ಟು ದಿನ ಮಾತ್ರ. ಹೊಲಿಗೆ 10–14 ದಿನಕ್ಕೆ ಬಿಚ್ಚುತ್ತಾರೆ, ಗಾಯ ಪೂರ್ತಿ ಒಣಗದೆ ಎಣ್ಣೆ ಹಚ್ಚಬೇಡಿ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದು ನಿಧಾನ. ಈ ಮಾತಿಗೆ ತಲೆಯಾಡಿಸಿ ಹೊರಗೆ ಹೋಗಿ ಹಚ್ಚುವವರೇ ಜಾಸ್ತಿ.

ಮೂತ್ರ ಕಟ್ಟಿದರೆ, ಗುದದ ಸುತ್ತ ಮರಗಟ್ಟಿದರೆ, ಕಾಲಿನ ಬಲ ಇಳಿದರೆ ಬೆಳಗಿನವರೆಗೂ ಕಾಯಬೇಡಿ, ನರ ಒತ್ತುತ್ತಿರಬಹುದು. ಒಂದೇ ಮೀನಖಂಡ ಊದಿದರೆ, ಏದುಸಿರು ಬಂದರೆ, ಜ್ವರದೊಂದಿಗೆ ಗಾಯ ಸೋರಿದರೆ ಆಗಲೂ ಅಷ್ಟೇ.

ಕುರ್ಚಿ ಕೆಲಸಕ್ಕೆ ಬಹುತೇಕರು 6–12 ವಾರಕ್ಕೆ ಮರಳುತ್ತಾರೆ. ತೋಟದ ಕೆಲಸಕ್ಕೆ ಆರು ತಿಂಗಳಾದರೂ ಹಿಡಿಯಬಹುದು. ತೊಂದರೆ ಕೊಡದ ಸ್ಕ್ರೂಗಳನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ; ಟೈಟಾನಿಯಂ ಆದರೆ ಎಂಆರ್‌ಐಗೂ ಅಡ್ಡಿಯಿಲ್ಲ, ಒಳಗೆ ಹೋಗುವ ಮುಂಚೆ ಹೇಳಿದರಾಯಿತು.