ಮಳೆಗೆ ಟಾರ್ಪಾಲು, ಇರಿಚಲಿಗೆ ಬಿವಿ

ಚಾರಣಕ್ಕೆ ಜೊತೆಯಾದ ಹುಡುಗರು ನನ್ನ ಬ್ಯಾಗಿನಿಂದ ಟೆಂಟ್ ಬದಲು ಒಂದು ಟಾರ್ಪಾಲು, ಒಂದು ತೆಳ್ಳನೆಯ ಚೀಲ ಹೊರಬರುವುದನ್ನು ನೋಡಿ ತಪ್ಪದೆ ಕೇಳುತ್ತಾರೆ: ‘ಕಡಿಮೆ ದುಡ್ಡಿಗೆ ಯಾವ ಬಿವಿ ಸ್ಯಾಕ್ ತಗೊಳ್ಳೋದು? ವಾಟರ್‌ಪ್ರೂಫ್ ಆಗಿರಬೇಕಲ್ವಾ?’

ಬೇಡ ಅನ್ನುತ್ತೇನೆ. ಅವರಿಗೆ ನಂಬಿಕೆ ಬರುವುದಿಲ್ಲ. ಮಲೆನಾಡಿನವನಾಗಿ ಹೀಗೆ ಹೇಳ್ತಾನಲ್ಲ ಎಂಬ ಮುಖ ಮಾಡುತ್ತಾರೆ.

ಬಿವಿ ಎಂದರೆ ಸ್ಲೀಪಿಂಗ್ ಬ್ಯಾಗಿಗೆ ಹಾಕುವ ಗವಸು, ಅಷ್ಟೇ. ಟಾರ್ಪಾಲು ಕಟ್ಟಿದ ಮೇಲೆ ನೆತ್ತಿಯ ಮೇಲಿನ ಮಳೆ ಅದರ ಪಾಲಿಗೆ ಹೋಯಿತು. ಉಳಿಯುವುದು ಇರಿಚಲು. ನಮ್ಮ ಮನೆಗಳಲ್ಲಿ ಗಾಳಿ ಬರುವ ದಿಕ್ಕಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ಲ, ಬಿವಿಯದೂ ಅದೇ ಕೆಲಸ. ತಟ್ಟಿಯಿಂದ ಯಾರೂ ಮಾಡು ಹೊದಿಸುತ್ತಿರಲಿಲ್ಲ. ಬದಿಯಿಂದ ಬರುವ ಸಿಡಿಹನಿ, ಬೆಳಗಿನ ಜಾವದ ಇಬ್ಬನಿ, ನೆಲದ ತೇವ, ಹುಳಹುಪ್ಪಟೆ ತಡೆದರೆ ಬಿವಿಯ ಕೂಲಿ ಮುಗಿಯಿತು.

ಇದು ನನಗೆ ಗೊತ್ತಾಗಿದ್ದು ಮೊದಲ ಬಿವಿಯನ್ನು ತಪ್ಪಾಗಿ ಕೊಂಡ ಮೇಲೆ. ಬೆಳ್ಳಿ ಬಣ್ಣದ, ಪ್ಲಾಸ್ಟಿಕ್ ಹಾಳೆಯಂಥ ತುರ್ತು ಚೀಲ. ಅಗ್ಗ, ಹಗುರ, ಒಂದು ಹನಿಯೂ ಒಳಗೆ ಬಾರದು. ಹೊಸನಗರದ ಹತ್ತಿರ ನೆಂಟರ ಮನೆಯಲ್ಲಿ ಅಡಿಕೆ ಕಾಯುವ ನೆಪ ಹೇಳಿ ಅಂಗಳದಲ್ಲೇ ಮಲಗಿದೆ. ನವೆಂಬರ್ ತಿಂಗಳು, ಆಕಾಶದಲ್ಲಿ ಚುಕ್ಕಿಗಳು. ಮೂರು ಗಂಟೆಗೆ ಎಚ್ಚರವಾದಾಗ ಸ್ಲೀಪಿಂಗ್ ಬ್ಯಾಗಿನ ಮೇಲ್ಮೈ ಹಿಂಡುವಷ್ಟು ಒದ್ದೆ. ಬೆಳಿಗ್ಗೆ ಅದನ್ನು ಹಗ್ಗಕ್ಕೆ ಹಾಕುವಾಗ ದೊಡ್ಡಪ್ಪ ಕೇಳಿದ್ದು: ‘ಮಳೆನೇ ಬರ್ಲಿಲ್ವಲ್ಲೋ, ನೀನ್ ಎಲ್ಲಿ ನೆಂದೆ?’

ನೆಂದದ್ದು ನನ್ನದೇ ಬೆವರಿಗೆ, ಉಸಿರಿಗೆ. ಮೈಯಿಂದ ರಾತ್ರಿಯಿಡೀ ಆವಿ ಹೋಗುತ್ತಲೇ ಇರುತ್ತದೆ; ತಣ್ಣನೆಯ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗುತ್ತದೆ. ‘ಉಸಿರಾಡುವ ವಾಟರ್‌ಪ್ರೂಫ್’ ಎಂದು ಮಾರುವ ದುಬಾರಿ ಪೊರೆಗಳೂ ಇಲ್ಲಿ ಪೂರ್ತಿ ಕೈ ಹಿಡಿಯುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ತಾನೇ ಆವಿ ಹೊರಗೆ ದಾಟುವುದು? ಒಣ ಚಳಿಯ ಹಿಮಾಲಯದಲ್ಲಿ ಆ ಅಂತರ ಚೆನ್ನಾಗಿ ಸಿಗುತ್ತದೆ. ನಮ್ಮಲ್ಲಿ ಹೊರಗಿನ ಗಾಳಿಯೇ ನೆನೆದ ಬಟ್ಟೆಯಂತಿರುತ್ತದೆ. ಜೊತೆಗೆ ಅಂಥ ಚೀಲಗಳಲ್ಲಿ ಹಲವು ಅರ್ಧ ಕೆಜಿ ದಾಟುತ್ತವೆ. ಅಷ್ಟು ಹೊರುವುದಾದರೆ ಟೆಂಟನ್ನೇ ಹೊರಬಹುದು.

ಹಾಗಾಗಿ ನಾನು ಹೇಳುವುದು: ತಳ ಮಾತ್ರ ನೀರು ಬಿಡದ ಸಿಲಿಕೋನ್ ಲೇಪದ ನೈಲಾನ್, ಮೇಲ್ಭಾಗ ವಿಂಡ್‌ಚೀಟರಿಗೆ ಬಳಸುವಂಥ ತೆಳು ರಿಪ್‌ಸ್ಟಾಪ್ (ಹರಿದರೂ ಮುಂದಕ್ಕೆ ಸೀಳದ) ನೈಲಾನ್, ಮುಖದ ಹತ್ತಿರ ಸಣ್ಣ ಕಣ್ಣಿನ ಬಲೆ. ತೂಕ 200 ಗ್ರಾಂ ಆಸುಪಾಸು. ಅಂಗಡಿಯಲ್ಲಿ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಕಷ್ಟಪಟ್ಟಾದರೂ ಗಾಳಿ ಆಚೆ ಬರಬೇಕು. ಮೇಲೆ ನಾಲ್ಕು ಹನಿ ಚಿಮುಕಿಸಿ. ಕೆಸುವಿನೆಲೆಯ ಮೇಲಿನ ಹಾಗೆ ಮಣಿಯಾಗಿ ಉರುಳಬೇಕು. ಎರಡೂ ಆದರೆ ಬ್ರ್ಯಾಂಡ್ ಯಾವುದಾದರೇನು.

ಬಲೆಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ಅದೂ ಶಿವಮೊಗ್ಗ ಜಿಲ್ಲೆಯಲ್ಲಿ. ಮಂಗನ ಕಾಯಿಲೆಗೆ ಕ್ಯಾಸನೂರು ಹೆಸರು ಅಂಟಿದ್ದು ನಮ್ಮ ಸೊರಬ ತಾಲ್ಲೂಕಿನ ಕಾಡಿನಿಂದ, 1957ರಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಹೆಚ್ಚಾಗುವುದು ಮಳೆ ನಿಂತು ದರಗು (ಉದುರಿದ ಎಲೆ) ಒಣಗಿದ ಮೇಲೆ, ಅಂದರೆ ಸರಿಯಾಗಿ ನಾವು ಬ್ಯಾಗ್ ಕಟ್ಟುವ ತಿಂಗಳುಗಳಲ್ಲಿ. ಎಳ್ಳುಕಾಳಿನಷ್ಟಿರುವ ಅವು ಕಣ್ಣಿಗೇ ಬೀಳುವುದಿಲ್ಲ. ಜಿಪ್ಪು ಪೂರ್ತಿ ಮುಚ್ಚುವ ಚೀಲವನ್ನೇ ನೋಡಿ. ಹಾಗಂತ ಬಿವಿಯನ್ನು ನಂಬಿ ದರಗಿನ ಮೇಲೆ ಹಾಸಬೇಡಿ. ಗುಡಿಸಿದ ಅಂಗಳ, ಬರಿ ಬಂಡೆ ಹುಡುಕಿ. ಬೆಳಿಗ್ಗೆ ಮಡಚುವ ಮುಂಚೆ ಕೊಡವಿ, ಮೈಯನ್ನೂ ಒಮ್ಮೆ ನೋಡಿಕೊಳ್ಳಿ. ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ ಡೇಪಾ ಎಣ್ಣೆ ಸಿಕ್ಕರೆ ಕಾಲಿಗೆ ಹಚ್ಚಿಕೊಳ್ಳಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಅಳತೆ: ನಿಮ್ಮ ಎತ್ತರಕ್ಕಿಂತ ಒಂದು ಮೊಳವಾದರೂ ಉದ್ದ. ಬಿಗಿಯಾದರೆ ಸ್ಲೀಪಿಂಗ್ ಬ್ಯಾಗಿನ ಉಬ್ಬು ತಗ್ಗಿ ಚಳಿ ಒಳಗೆ ಬರುತ್ತದೆ.

ಇನ್ನು ದುಡ್ಡು. ನನ್ನ ಎರಡನೆಯ ಬಿವಿ ನಮ್ಮೂರ ಟೈಲರ್ ಹೊಲಿದದ್ದು. ಬಟ್ಟೆ ಆನ್‌ಲೈನಿನಲ್ಲಿ ತರಿಸಿದೆ; ಹೊಲಿಗೆಯೂ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ‘ಇದೇನು, ಹೆಣ ಸುತ್ತೋಕಾ?’ ಅಂದರು ಅವರು, ಆದರೂ ಹೊಲಿದರು. ತೆಳು ಸೂಜಿ ಹಾಕಿಸಿ. ಗುಂಡುಸೂಜಿ ಚುಚ್ಚಿದರೆ ತೂತು ಉಳಿಯುತ್ತದೆ, ಬಟ್ಟೆ ಒಣಹಾಕುವ ಕ್ಲಿಪ್ ಸಾಕು. ತಳದ ಹೊಲಿಗೆಗೆ ಸಿಲಿಕೋನ್ ಸೀಲೆಂಟನ್ನು ಮಿನರಲ್ ಟರ್ಪೆಂಟೈನಿನಲ್ಲಿ ತೆಳು ಮಾಡಿ ಬ್ರಷ್ಷಿನಿಂದ ಹಚ್ಚಿದೆ. ಸಿಲಿಕೋನ್ ಬಟ್ಟೆಗೆ ಸಿಲಿಕೋನೇ ಅಂಟುವುದು, ಬೇರೆ ಗೋಂದು ಹಚ್ಚಿ ನೋಡಿ ಸೋತಿದ್ದೇನೆ.

ಕೊಡಚಾದ್ರಿಯ ಮೇಲೆ ಹಾಸಬಹುದಾ ಅಂತಲೂ ಕೇಳುತ್ತಾರೆ. ಅದು ಮೂಕಾಂಬಿಕಾ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ನನ್ನ ಬಿವಿ ಹೆಚ್ಚು ರಾತ್ರಿ ಕಳೆದಿರುವುದು ಗುರುತಿನವರ ತೋಟ, ಅಂಗಳ, ಗದ್ದೆಬದುಗಳಲ್ಲೇ.

ಮಳೆಗಾಲದಲ್ಲಿ? ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುವ ಆಗುಂಬೆಯ ಕಡೆ ಜುಲೈಯಲ್ಲಿ ಟಾರ್ಪಾಲಿನ ಕೆಳಗೆ ಮಲಗುವ ಹಟ ನನಗಿಲ್ಲ. ಇಂಬಳಗಳಿಗೆ ಊಟ ಹಾಕುವ ಹರಕೆಯೂ ಇಲ್ಲ. ಯಾರದಾದರೂ ಜಗುಲಿ ಕೇಳಿಕೊಂಡು ಅಲ್ಲಿ ಬಿವಿ ಹಾಸುತ್ತೇನೆ. ಜಗುಲಿಗೂ ಇರಿಚಲು ಬಡಿಯುತ್ತದೆ.